ಕಮಾಂಡ್ ಅಂಡ್ ಕಾಂಕರ್ ಅಲ್ಟಿಮೇಟ್ ಕಲೆಕ್ಷನ್: ಮುಕ್ಕಾಲು ಬಂಗಾರ, ಮಿಕ್ಕಿದ್ದು ಹೊಟ್ಟೆ ಉರಿ

2024ರ ಮಾರ್ಚ್‌ನಲ್ಲಿ ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡಿಗೆ ಬಂತಲ್ಲ ಕಮಾಂಡ್ ಅಂಡ್ ಕಾಂಕರ್ ಅಲ್ಟಿಮೇಟ್ ಕಲೆಕ್ಷನ್, ಅದನ್ನ ಸೇಲ್ ಟೈಮಲ್ಲಿ ತಗೊಂಡು 1995ರ ಮೊದಲ್ನೇ ಗೇಮಿಂದ ಹಿಡಿದು 2010ರ ನಾಲ್ಕನೇ ಭಾಗದ ತನಕ ಸಾಲಾಗಿ ಆಡ್ಕೊಂಡು ಬಂದೆ. ಬಿಡಿಬಿಡಿಯಾಗಿ ಆಡ್ದಾಗ ಗೊತ್ತಾಗಲ್ಲ, ಆದ್ರೆ ಹೀಗೆ ಒಂದಾದ್ಮೇಲೆ ಒಂದು ಆಡ್ಕೊಂಡು ಹೋದ್ರೆ ಈ ಸೀರೀಸ್ ಎಲ್ಲಿ ತನಕ ಏರ್ತು, ಎಲ್ಲಿಂದ ಜಾರೋಕೆ ಶುರು ಆಯ್ತು, ಎಲ್ಲಿ ಬಂದು ಧೊಪ್ ಅಂತ ಬಿತ್ತು ಅನ್ನೋದು ಕಣ್ಣಿಗೆ ರಾಚತ್ತೆ. ಹಂಗಾಗಿ ಇದು ಕಲೆಕ್ಷನ್ ರಿವ್ಯೂನೂ ಹೌದು, ಇಷ್ಟು ವರ್ಷ ಹೊಟ್ಟೇಲಿ ಇಟ್ಕೊಂಡಿದ್ದ ಸಿಟ್ಟು ಕಾರ್ಕೊಳೋದೂ ಹೌದು, ಎರಡನ್ನೂ ಬೇರೆ ಮಾಡಿ ಬರ್ಯೋಕೆ ನನ್ ಕೈಲಿ ಆಗ್ಲಿಲ್ಲ, ಸಹಿಸ್ಕೊಳಿ.

ಗೊತ್ತಿಲ್ದೇ ಇರೋರಿಗೆ ಸ್ವಲ್ಪ ಹಿನ್ನೆಲೆ. ಅಮೆರಿಕದ ಲಾಸ್ ವೇಗಸ್‌ನಲ್ಲಿ ವೆಸ್ಟ್‌ವುಡ್ ಸ್ಟುಡಿಯೋಸ್ ಅಂತ ಕಂಪನಿ ಇತ್ತು, 1985ರಲ್ಲಿ ಬ್ರೆಟ್ ಸ್ಪೆರಿ, ಲೂಯಿಸ್ ಕ್ಯಾಸಲ್ ಅಂತ ಇಬ್ರು ಶುರು ಮಾಡಿದ್ದು. ಅವ್ರು 1992ರಲ್ಲಿ ಡ್ಯೂನ್ 2 ಅಂತ ಒಂದು ಗೇಮ್ ಬಿಟ್ರು. ಇವತ್ತು ಆರ್‌ಟಿಎಸ್ (ರಿಯಲ್ ಟೈಮ್ ಸ್ಟ್ರಾಟಜಿ) ಅಂತೀವಲ್ಲ, ನೆಲದಿಂದ ಬಾಚ್ಕೋ, ದುಡ್ಡು ಮಾಡು, ಬಿಲ್ಡಿಂಗ್ ಎಬ್ಬಿಸು, ಟ್ಯಾಂಕ್ ತೆಗಿ, ಹೋಗಿ ಹೊಡಿ, ಆ ಅಚ್ಚು ಗಟ್ಟಿಯಾಗಿದ್ದೇ ಅಲ್ಲಿ. 1995ರಲ್ಲಿ ಅದೇ ಅಚ್ಚಿಗೆ ಸ್ವಂತ ಕತೆ ಹಾಕಿ ಮಾಡಿದ್ದು ಕಮಾಂಡ್ ಅಂಡ್ ಕಾಂಕರ್. ಟೈಬೀರಿಯಮ್ ಅನ್ನೋ ಹಸಿರು ಹರಳು ಭೂಮಿ ಮೇಲೆಲ್ಲಾ ಹಬ್ಕೊಂಡು ಹೋಗ್ತಾ ಇದೆ, ಅದೇ ದುಡ್ಡು ಅದೇ ವಿಷ, ಒಂದು ಕಡೆ ಜಿಡಿಐ ಅನ್ನೋ ಜಾಗತಿಕ ಸೇನೆ ಇನ್ನೊಂದು ಕಡೆ ನಾಡ್ ಅನ್ನೋ ಪಂಥ, ನಾಡ್‌ಗೆ ಲೀಡರ್ರು ಬೋಳುತಲೆ ಕೇನ್. ಈ ಕೇನ್ ಪಾತ್ರ ಮಾಡಿರೋ ಜೋ ಕ್ಯೂಕನ್ ಯಾವ್ದೋ ದೊಡ್ಡ ಸ್ಟಾರ್ ಅಲ್ಲ, ವೆಸ್ಟ್‌ವುಡ್‌ನಲ್ಲಿ ಮಿಷನ್ ನಡುವೆ ಬರೋ ಕತೆಯ ವಿಡಿಯೋಗಳನ್ನ ಡೈರೆಕ್ಟ್ ಮಾಡ್ತಿದ್ದ ಮನುಷ್ಯನೇ. 1996ರಲ್ಲಿ ರೆಡ್ ಅಲರ್ಟ್. ಅದ್ರಲ್ಲಿ ಐನ್‌ಸ್ಟೈನ್ ಟೈಮ್ ಮಷೀನಲ್ಲಿ ಹಿಂದೆ ಹೋಗಿ ಹಿಟ್ಲರ್‌ನ ಮಾಯ ಮಾಡ್ತಾನೆ, ವಾಪಸ್ ಬಂದು ನೋಡಿದ್ರೆ ಸ್ಟಾಲಿನ್ ಯುರೋಪ್ ಮೇಲೆ ಬಿದ್ದಿರ್ತಾನೆ. ಇಂಥ ಕತೆನ ಮುಖ ಗಂಟಿಕ್ಕೊಂಡು ಹೇಳಿದ್ರೆ ನಗು ಬರತ್ತೆ, ಅವ್ರು ಹಂಗೇ ಹೇಳಿದ್ರು, ಅದೇ ಮಜಾ.

ನಮ್ ಕಡೆ ಇದನ್ನ ಬಾಕ್ಸ್ ಸಮೇತ ದುಡ್ಡು ಕೊಟ್ಟು ತಗೊಂಡೋರು ಎಷ್ಟು ಜನ ಇದ್ರೋ ದೇವ್ರಿಗೇ ಗೊತ್ತು. ಎಸ್.ಪಿ. ರೋಡು, ನ್ಯಾಷನಲ್ ಮಾರ್ಕೆಟ್ ಕಡೆಯಿಂದ ಬಂದಿರೋ ಸಿಡಿ, ಮೇಲೆ ಮಾರ್ಕರ್ ಪೆನ್ನಲ್ಲಿ ಹೆಸರು, ಅದನ್ನ ಒಬ್ಬರಿಂದ ಒಬ್ಬರಿಗೆ ಕೊಟ್ಟು ಕೊಟ್ಟು ಗೀರು ಬಿದ್ದು ಇನ್‌ಸ್ಟಾಲ್ 87 ಪರ್ಸೆಂಟಲ್ಲಿ ನಿಂತೋಗೋದು, ಇದು ಬೆಂಗ್ಳೂರು ಮೈಸೂರು ದಾವಣಗೆರೆ ಎಲ್ಲಾ ಕಡೆ ಒಂದೇ ಕತೆ. ಆ ಸಿಡಿಗಳಲ್ಲಿ ಬರ್ತಿದ್ದಿದ್ದು ಬಹುಪಾಲು ರಿಪ್ ಕಾಪಿ, ಅಂದ್ರೆ ಎರಡು ಸಿಡಿ ಗೇಮನ್ನ ಒಂದರಲ್ಲಿ ತುರುಕೋಕೆ ವಿಡಿಯೋ ಎಲ್ಲಾ ಕಿತ್ತಾಕಿರ್ತಿದ್ರು, ಕೆಲವು ಸಲ ಮ್ಯೂಸಿಕ್ಕೂ ಔಟ್. ಹಂಗಾಗಿ ರೆಡ್ ಅಲರ್ಟ್ 2ರ ಎಲ್ಲಾ ಮಿಷನ್ನೂ ಬಾಯಿಪಾಠ ಆಗಿದ್ರೂ ಯೂರಿ ಯಾರು, ಯಾಕೆ ಹೊಡೆದಾಡ್ತಿದ್ದೀವಿ ಅಂತ ಗೊತ್ತಿಲ್ದೇ ಆಡಿದ ಒಂದು ತಲೆಮಾರೇ ಇದೆ ನಮ್ಮಲ್ಲಿ. ಈ ಕಲೆಕ್ಷನ್‌ನಲ್ಲಿ ಎಲ್ಲಾ ವಿಡಿಯೋನೂ ಇದೆ ಕಣ್ರೀ. ಊಡೋ ಕೀರ್ ಬೇರೆಯೋರ ಮನಸ್ಸು ಹಿಡಿಯೋ ವಿಲನ್ ಯೂರಿ ಆಗಿ ಕಣ್ಣು ಪಿಳುಕಿಸ್ದೇ ದಿಟ್ಟಿಸೋದು, ರೇ ವೈಸ್ ಅಮೆರಿಕ ಪ್ರೆಸಿಡೆಂಟಾಗಿ ಫೋನಲ್ಲಿ ಒದ್ದಾಡೋದು, ಇದಕ್ಕೇ ಅರ್ಧ ದುಡ್ಡು ವಸೂಲ್.

ರೆಡ್ ಅಲರ್ಟ್ 2 ಬಗ್ಗೆ ಸ್ವಲ್ಪ ಜಾಸ್ತಿ ಬರೀಲೇಬೇಕು, ಯಾಕಂದ್ರೆ ಆಮೇಲೆ ಏನೇನು ಕಳ್ಕೊಂಡ್ವಿ ಅನ್ನೋದು ಇದನ್ನ ನೋಡಿದ್ರೇನೇ ಅರ್ಥ ಆಗೋದು. 2000ನೇ ಇಸ್ವಿ ಅಕ್ಟೋಬರ್‌ನಲ್ಲಿ ಬಂದಿದ್ದು. ಸ್ಕರ್ಮಿಶ್ (ಕತೆ ಇಲ್ದೇ ಒಂದೇ ಮ್ಯಾಪಲ್ಲಿ ಆಡೋ ಬಿಡಿ ಆಟ) ಹಾಕಿ, ಕೈಯಲ್ಲಿ 10000 ಇರತ್ತೆ, ಒಂದು ಎಂಸಿವಿ ಲಾರಿ ಇರತ್ತೆ, ಡಬಲ್ ಕ್ಲಿಕ್ ಮಾಡಿದ್ರೆ ಅದು ಬಿಚ್ಕೊಂಡು ಕನ್‌ಸ್ಟ್ರಕ್ಷನ್ ಯಾರ್ಡ್ ಆಗತ್ತೆ. ಸೋವಿಯತ್ ಆದ್ರೆ ಮೊದ್ಲು 600ಕ್ಕೆ ಟೆಸ್ಲಾ ರಿಯಾಕ್ಟರ್, ಆಮೇಲೆ 500ಕ್ಕೆ ಬ್ಯಾರಕ್ಸು, 2000ಕ್ಕೆ ರಿಫೈನರಿ, ಅದ್ರ ಜೊತೆ ಒಂದು ಮೈನರ್ ಫ್ರೀ. ಅಲ್ಲಿಂದ ಮುಂದೆ ಕಣ್ಣು ಪೂರ್ತಿ ಬಲಗಡೆ ಸೈಡ್‌ಬಾರ್ (ಏನು ಕಟ್ಬೇಕು ಅಂತ ಆರಿಸೋ ಪಟ್ಟಿ) ಮೇಲೇ. ದುಡ್ಡು ಒಟ್ಟಿಗೆ ಹೋಗಲ್ಲ, ಬಿಲ್ಡಿಂಗ್ ಏಳ್ತಾ ಏಳ್ತಾ ಸರ್ರ್ ಅಂತ ಇಳ್ಕೊಂಡು ಹೋಗತ್ತೆ, ಮೈನರ್ ಅದಿರು ತುಂಬ್ಕೊಂಡು ಬಂದು ಸುರಿದಾಗ ಮತ್ತೆ ಟಿಕ್ ಟಿಕ್ ಅಂತ ಏರತ್ತೆ, ಆ ಸದ್ದು ಕೇಳ್ತಿದ್ರೆ ಒಂಥರಾ ನೆಮ್ಮದಿ. ಎದುರಾಳಿ ಆ ಮೈನರ್‌ನ ಹೊಡೆದ್ರೆ ಅರ್ಧಕ್ಕೆ ಎಲ್ಲಾ ನಿಲ್ಲತ್ತೆ, ಆಗ ಹೊಟ್ಟೇಲಿ ಸಂಕಟ. ಕರೆಂಟ್ ಸಾಲ್ದೇ ಹೋದ್ರೆ ರೇಡಾರ್ ಆಫ್, ಮಿಂಚು ಹೊಡಿಯೋ ಟೆಸ್ಲಾ ಕಾಯಿಲ್ ಆಫ್, ಆಗ ನೀವು ಗಡಬಡಿಸ್ಕೊಂಡು ಟೆಸ್ಲಾ ಟ್ರೂಪರ್‌ಗಳನ್ನ ಕಾಯಿಲ್ ಪಕ್ಕ ನಿಲ್ಸಿ ಅವ್ರ ಕೈಯಿಂದಾನೇ ಅದಕ್ಕೆ ಕರೆಂಟ್ ಕೊಡಿಸ್ಬೋದು. ಇದನ್ನ ಗೇಮ್ ಎಲ್ಲೂ ಡಂಗುರ ಸಾರಲ್ಲ, ಯಾರೋ ಪಕ್ಕದ ಸಿಸ್ಟಮ್ಮಲ್ಲಿ ಕೂತೋನು ಹೇಳ್ಬೇಕು, ಅಥ್ವಾ ತಾನಾಗೇ ಕಂಡು ಹಿಡೀಬೇಕು.

ಸ್ಪೈ ಒಬ್ಬನ್ನ ತಗೊಳಿ. ಅವ್ನನ್ನ ಎದುರಾಳಿ ರಿಫೈನರಿಗೆ ನುಗ್ಗಿಸಿದ್ರೆ ದುಡ್ಡು ಕದೀತಾನೆ, ಪವರ್ ಪ್ಲಾಂಟಿಗೆ ನುಗ್ಗಿಸಿದ್ರೆ ಸ್ವಲ್ಪ ಹೊತ್ತು ಇಡೀ ಬೇಸ್ ಕತ್ತಲೆ, ವಾರ್ ಫ್ಯಾಕ್ಟರಿಗೆ ನುಗ್ಗಿಸಿದ್ರೆ ನಿಮ್ ಟ್ಯಾಂಕ್‌ಗಳು ಹುಟ್ಟುವಾಗ್ಲೇ ವೆಟರನ್ ಆಗಿ ಬರ್ತವೆ. ಇಷ್ಟೆಲ್ಲಾ ಮಾಡೋ ಸ್ಪೈನ 200 ರೂಪಾಯಿ (ಸರಿ, ಡಾಲರ್ರು, ನಾವು ಆಡ್ತಿದ್ದ ಗೇಮಿಂಗ್ ಸೆಂಟರಲ್ಲಿ ರೂಪಾಯಿನೇ ಅಂತಿದ್ದಿದ್ದು) ನಾಯಿ ಒಂದೇ ಸಲ ಕಚ್ಚಿ ಮುಗಿಸ್ಬಿಡತ್ತೆ. ನಿಂತಲ್ಲೇ ಮರ ಆಗೋ ಮಿರಾಜ್ ಟ್ಯಾಂಕು, ಒಂದಕ್ಕೊಂದು ಬೆಳಕು ದಾಟಿಸ್ಕೊಂಡು ಹೊಡಿಯೋ ಪ್ರಿಸಮ್ ಟವರ್‌ಗಳು, ಮತ್ತೆ ಎಲ್ಲೋ ಮ್ಯಾಪಿನ ಮೂಲೆಯಿಂದ ಕಿರೋವ್ ರಿಪೋರ್ಟಿಂಗ್ ಅಂತ ದಪ್ಪ ದನಿ ಕೇಳಿದ್ ತಕ್ಷಣ ಇಡೀ ಸೆಂಟರ್‌ನಲ್ಲಿ ಲೋ ಯಾರೋ ಅದು ಅಂತ ಬೈಗುಳ ಏಳ್ತಿತ್ತಲ್ಲ, ಅದು. ಕಿರೋವ್ ಅಂದ್ರೆ 2000 ಕೊಟ್ಟು ತೆಗೆಯೋ ಬಾಂಬ್ ಬಲೂನು, ಆಮೆಗಿಂತ ನಿಧಾನ, ಬರ್ತಾ ಇದೆ ಅಂತ ಎಲ್ರಿಗೂ ಗೊತ್ತು, ತಡಿಯೋಕೆ ಟೈಮೂ ಇದೆ, ಆದ್ರೂ ಎದೆ ಡವಡವ. ಮುಂದಿನ ವರ್ಷ ಬಂದ ಯೂರೀಸ್ ರಿವೆಂಜ್ ಇದಕ್ಕೆ ಯೂರಿ ಪಡೆನೇ ಆಡೋ ಮೂರನೇ ಪಾರ್ಟಿಯಾಗಿ ಸೇರ್ಸಿ ಇನ್ನೂ ಹುಚ್ಚು ಹಿಡಿಸ್ತು. ಬ್ಯಾಲೆನ್ಸ್ ಹಾಳಾಗಿತ್ತು ಅಂತ ಕೆಲವರು ಅಂತಾರೆ, ಹಾಳಾಗಿತ್ತು, ಯೂರಿ ತಗೊಂಡೋನೇ ಗೆಲ್ತಿದ್ದ, ಅದಕ್ಕೇ ನಮ್ಮಲ್ಲಿ ಯೂರಿ ತಗೊಳಂಗಿಲ್ಲ ಅಂತ ರೂಲ್ ಇತ್ತು, ಮುಗೀತು.

ಇದ್ರಲ್ಲಿ ನಾನು ಹೇಳ್ಬೇಕು ಅಂತಿರೋದು ಇಷ್ಟೇ. ಕಮಾಂಡ್ ಅಂಡ್ ಕಾಂಕರ್ ಅಂದ್ರೆ ಕೇನ್ ಅಲ್ಲ, ಟೈಬೀರಿಯಮ್ ಅಲ್ಲ, ರೆಡ್ ಅಲರ್ಟ್‌ನ ಕಮಾಂಡೋ ಟ್ಯಾನ್ಯಾ ಅಲ್ಲ, ಮ್ಯೂಸಿಕ್ ಮಾಡಿದ ಫ್ರಾಂಕ್ ಕ್ಲೆಪಾಕಿ ಹೊಡೆದ ಗಿಟಾರೂ ಅಲ್ಲ, ಅವೆಲ್ಲಾ ಇರ್ಬೇಕು ನಿಜ. ಆದ್ರೆ ಒಳಗಿನ ಜೀವ ಇದ್ದಿದ್ದು ಖಾಲಿ ನೆಲದಲ್ಲಿ ನನ್ ಕೈಯಾರೆ ಕಟ್ಟಿದ ಒಂದು ಬೇಸು, ಅದಕ್ಕೆ ದುಡ್ಡು ಕರೆಂಟು ಹೊಂದಿಸೋ ಪರದಾಟ, ಅದನ್ನ ಯಾರೋ ಬಂದು ಒಡೀತಾರೆ ಅನ್ನೋ ಭಯ, ಇದ್ರಲ್ಲಿ. ಇದನ್ನ ಇಟ್ಕೊಂಡು ಮಿಕ್ಕಿದ್ದು ಏನು ಬೇಕಾದ್ರೂ ಬದಲಾಯಿಸ್ಬೋದಿತ್ತು. ಹೆಸರು ಕೈಗೆ ಬಂದೋರು ಇದನ್ನೇ ಬಿಟ್ಟು ಮಿಕ್ಕಿದ್ದೆಲ್ಲಾ ಇಟ್ಕೊಂಡ್ರು, ಕೊನೆಗೆ ಮಿಕ್ಕಿದ್ದನ್ನೂ ಬಿಟ್ಟು ಬರೀ ಹೆಸರು ಇಟ್ಕೊಂಡ್ರು.

1998ರಲ್ಲೇ ಇಎ ಅಂದ್ರೆ ಎಲೆಕ್ಟ್ರಾನಿಕ್ ಆರ್ಟ್ಸ್ ವೆಸ್ಟ್‌ವುಡ್‌ನ ತಗೊಂಡಿತ್ತು. ಟೈಬೀರಿಯನ್ ಸನ್, ರೆಡ್ ಅಲರ್ಟ್ 2, ಎಲ್ಲಾ ಅದಾದ್ಮೇಲೇ ಬಂದಿದ್ದು, ಹಂಗಾಗಿ ಇಎ ಕೈ ಹಾಕಿದ ದಿನವೇ ಎಲ್ಲಾ ಹಾಳಾಯ್ತು ಅನ್ನೋ ಮಾತನ್ನ ನಾನು ಒಪ್ಪಲ್ಲ. 2003ರಲ್ಲಿ ವೆಸ್ಟ್‌ವುಡ್‌ಗೆ ಬೀಗ ಹಾಕಿದ್ರು, ಅಲ್ಲಿದ್ದೋರಲ್ಲಿ ಒಂದಷ್ಟು ಜನ ಅದೇ ಲಾಸ್ ವೇಗಸ್‌ನಲ್ಲಿ ಪೆಟ್ರೋಗ್ಲಿಫ್ ಅಂತ ಹೊಸ ಸ್ಟುಡಿಯೋ ಮಾಡ್ಕೊಂಡ್ರು. ಅದೇ ವರ್ಷ ಫೆಬ್ರವರಿಯಲ್ಲಿ ಜನರಲ್ಸ್ ಬಂತು, ಸೆಪ್ಟೆಂಬರ್‌ನಲ್ಲಿ ಅದ್ರ ಎಕ್ಸ್‌ಪಾನ್ಷನ್ (ಹೆಚ್ಚುವರಿ ಭಾಗ) ಝೀರೋ ಅವರ್.

ಅಯ್ಯೋ ಝೀರೋ ಅವರ್! ಇದನ್ನ ಆಡ್ದೇ ಇಂಜಿನಿಯರಿಂಗ್ ಮುಗಿಸಿದ ಹಾಸ್ಟೆಲ್ ಹುಡುಗ್ರು ನಮ್ ಕಾಲದಲ್ಲಿ ಕಮ್ಮಿ. ಇದ್ರಲ್ಲಿ ಸೈಡ್‌ಬಾರ್ ಇಲ್ಲ, ಎಂಸಿವಿ ಇಲ್ಲ, ಬುಲ್ಡೋಝರ್ ಓಡಾಡ್ಕೊಂಡು ಬಿಲ್ಡಿಂಗ್ ಕಟ್ಟತ್ತೆ, ಮೂಲ ಜನರಲ್ಸ್‌ನಲ್ಲಂತೂ ಮಿಷನ್ ನಡುವೆ ನಟರ ವಿಡಿಯೋನೂ ಇಲ್ಲ, ಟೈಬೀರಿಯಮ್ ಇಲ್ಲ, ಕೇನ್ ಇಲ್ಲ. ಆಗಿನ ಹಳೇ ಫ್ಯಾನ್ಸ್ ಇದು ಕಮಾಂಡ್ ಅಂಡ್ ಕಾಂಕರೇ ಅಲ್ಲ ಅಂತ ಬಾಯಿ ಬಡ್ಕೊಂಡ್ರು. ಆದ್ರೆ ಆಡಿ ನೋಡಿ, ಜೀವ ಹಂಗೇ ಇದೆ. ಚೀನಾ ತಗೊಂಡ್ರೆ ಹ್ಯಾಕರ್‌ಗಳನ್ನ ನೆಲದ ಮೇಲೆ ಲ್ಯಾಪ್‌ಟಾಪ್ ಹಿಡ್ಕೊಂಡು ಕೂರಿಸಿ ದುಡ್ಡು ಮಾಡ್ಬೋದು, ಜಿಎಲ್‌ಎ ಅನ್ನೋ ಭಯೋತ್ಪಾದಕ ಪಡೆ ತಗೊಂಡ್ರೆ ಕರೆಂಟೇ ಬೇಡ, ಸುರಂಗದಲ್ಲಿ ಇಲ್ಲಿ ನುಗ್ಗಿ ಅಲ್ಲಿ ಎದ್ದೇಳ್ಬೋದು, ಎದುರಾಳಿ ಟ್ಯಾಂಕ್ ಒಡೆದ ಚೂರು ಆಯ್ಕೊಂಡು ತನ್ನ ಗನ್ ದೊಡ್ಡದು ಮಾಡ್ಕೋಬೋದು, ಅಮೆರಿಕ ತಗೊಂಡ್ರೆ ಆಕಾಶದಿಂದ ಎಲ್ಲಾ. ಮೂರೂ ಪಾರ್ಟಿ ಮೂರು ಬೇರೆ ಗೇಮ್ ಆಡ್ದಂಗೆ. ಝೀರೋ ಅವರ್ ಅದ್ರ ಮೇಲೆ ಒಂಬತ್ತು ಜನರಲ್‌ಗಳನ್ನ ತಂತು, ಅಲೆಕ್ಸಿಸ್ ಅಲೆಕ್ಸಾಂಡರ್ ತಗೊಂಡೋನು ಮೂಲೇಲಿ ಕೂತು ಸೂಪರ್ ವೆಪನ್ ಮೇಲೆ ಸೂಪರ್ ವೆಪನ್ ಕಟ್ಟಿದ್ರೆ ರೂಮಲ್ಲಿ ಜಗಳ, ಅದಕ್ಕೇ ಲಿಮಿಟ್ ಸೂಪರ್ ವೆಪನ್ಸ್ ಅಂತ ಟಿಕ್ ಮಾಡೋ ಆಪ್ಷನ್ ಕೊಟ್ಟಿದ್ರು. ಡೆಫ್‌ಕಾನ್ 6 ಮ್ಯಾಪು, ಹತ್ತು ನಿಮಿಷ ಯಾರೂ ಹೊಡಿಯಂಗಿಲ್ಲ ಅಂತ ಬಾಯ್ಮಾತಿನ ಒಪ್ಪಂದ, ಒಂಬತ್ತನೇ ನಿಮಿಷಕ್ಕೆ ಯಾವನೋ ಮುರಿಯೋದು, ಆಮೇಲೆ ಮಿಸ್‌ಮ್ಯಾಚ್ ಎರರ್ ಬಂದು ಇಡೀ ಆಟ ನಿಂತು ಯಾರ್ ಗೆಲ್ತಿದ್ರು ಅಂತ ಬೆಳಗಿನ ಜಾವದ ತನಕ ವಾದ. ಗೇಮ್ ಬದಲಾದ್ರೂ ಫ್ಯಾನ್ ಬಿಟ್ಟು ಹೋಗ್ಲಿಲ್ಲ ಅನ್ನೋಕೆ ಇದಕ್ಕಿಂತ ಸಾಕ್ಷಿ ಬೇಕಾ? ಅವ್ನು ಬದಲಾವಣೆಗೆ ಹೆದ್ರಲ್ಲ ಸ್ವಾಮಿ, ತಿರುಳು ಇದ್ಯಾ ಅಂತ ನೋಡ್ತಾನೆ.

2007ರ ಟೈಬೀರಿಯಮ್ ವಾರ್ಸ್, ಅಂದ್ರೆ ಮೂರನೇ ಭಾಗ, ಅದು ನಿಜಕ್ಕೂ ಒಳ್ಳೇ ಗೇಮ್, ಈ ಕಲೆಕ್ಷನ್‌ನಲ್ಲಿ ಇವತ್ತಿಗೂ ಕಣ್ಣಿಗೆ ಹಿತವಾಗಿ ಕಾಣೋದು ಅದೇ. ಸೈಡ್‌ಬಾರ್ ವಾಪಸ್, ಕೇನ್ ವಾಪಸ್, ಸ್ಕ್ರಿನ್ ಅಂತ ಬೇರೆ ಗ್ರಹದೋರು ಹೊಸಬರು. ಅದ್ರ ಎಕ್ಸ್‌ಪಾನ್ಷನ್ ಕೇನ್ಸ್ ರಾತ್ ಕೂಡ ಹಾಕ್ಕೊಳಿ. 2008ರ ರೆಡ್ ಅಲರ್ಟ್ 3 ಬಗ್ಗೆ ಮಾತ್ರ ನಂಗೆ ಎರಡು ಮನಸ್ಸು. ಟಿಮ್ ಕರ್ರಿ, ಜೆ.ಕೆ. ಸಿಮನ್ಸ್, ಜಾರ್ಜ್ ಟಕೈ ಅಂಥೋರನ್ನ ಹಾಕಿ ವಿಡಿಯೋಗೆ ಧಾರಾಳವಾಗಿ ಖರ್ಚು ಮಾಡಿದ್ದಾರೆ, ಸಮುದ್ರದ ಮೇಲೂ ಬೇಸ್ ಕಟ್ಬೋದು, ಇಡೀ ಕ್ಯಾಂಪೇನ್ ಇಬ್ರು ಸೇರಿ ಆಡ್ಬೋದು. ಆದ್ರೆ ಅದಿರಿನ ಬಯಲು ಮಾಯ, ಅದ್ರ ಬದ್ಲು ಗೊತ್ತುಪಡಿಸಿದ ಜಾಗದಲ್ಲಿ ಗಣಿ, ಒಂದು ಗಣಿಗೆ ಒಂದು ರಿಫೈನರಿ, ಮೈನರ್ ಅಲ್ಲೇ ಹೋಗಿ ಅಲ್ಲೇ ಬರತ್ತೆ, ಲಾರಿ ಎಲ್ಲಿ ಹೋಗಿ ಸಿಕ್ಕಾಕ್ಕೊಳತ್ತೋ ಅನ್ನೋ ಆತಂಕ ಇಲ್ಲ. ಪ್ರತಿ ಯೂನಿಟ್‌ಗೂ ಒಂದು ಸ್ಪೆಷಲ್ ಬಟನ್, ಯುದ್ಧದ ಮಧ್ಯೆ ಅದನ್ನ ಒತ್ತು ಇದನ್ನ ಒತ್ತು ಅಂತ ಬೆರಳು ಕೀಬೋರ್ಡ್ ಮೇಲೆ ಕುಣೀತಾನೇ ಇರ್ಬೇಕು. ಬೇಸ್‌ನಿಂದ ಗಮನ ಬೆರಳಿಗೆ ಜಾರಿದ್ದು ಇಲ್ಲೇ ಅನ್ಸತ್ತೆ ನಂಗೆ. ಜೊತೆಗೆ ಕಾಪಿ ತಡಿಯೋ ಸೆಕ್ಯುರಾಮ್ ಸಾಫ್ಟ್‌ವೇರ್ ಕಾಟ, ಗೇಮ್ ಬಂದ ಹೊಸದ್ರಲ್ಲಿ ಐದು ಸಲ ಆಕ್ಟಿವೇಟ್ ಮಾಡ್ಬೋದು ಅಷ್ಟೇ ಅಂತ ಲಿಮಿಟ್ಟು. ಕದ್ದು ಆಡೋರಿಗೆ ಇದ್ಯಾವ್ದೂ ಇಲ್ಲ, ದುಡ್ಡು ಕೊಟ್ಟೋನಿಗೆ ಲೆಕ್ಕ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ.

ಈಗ ಬರೋಣ ನಾಲ್ಕಕ್ಕೆ. ಟೈಬೀರಿಯನ್ ಟ್ವೈಲೈಟ್, 2010ರ ಮಾರ್ಚ್. ರಿವ್ಯೂಗಳ ಸರಾಸರಿ ತೆಗೆಯೋ ಮೆಟಾಕ್ರಿಟಿಕ್‌ನಲ್ಲಿ ನೂರಕ್ಕೆ 64, ಮೂರನೇ ಭಾಗಕ್ಕೆ 85 ಇತ್ತು ಅನ್ನೋದು ನೆನಪಿರ್ಲಿ. ನನ್ನ ಕೇಳಿದ್ರೆ 64ಕ್ಕೆ ಆ ಹೆಸರಿನ ಗ್ರೇಸ್ ಮಾರ್ಕ್ಸೂ ಸೇರಿದೆ.

ಶುರು ಮಾಡಿದ್ ತಕ್ಷಣ ಕ್ಲಾಸ್ ಆರಿಸ್ಕೋ ಅನ್ನತ್ತೆ. ಅಫೆನ್ಸ್, ಡಿಫೆನ್ಸ್, ಸಪೋರ್ಟ್. ಯಾವ್ದೋ ಒಂದು ಆರಿಸ್ಕೊಂಡ್ರೆ ಕ್ರಾಲರ್ ಅಂತ ಒಂದು ನಡ್ಕೊಂಡು ಹೋಗೋ ದೊಡ್ಡ ಮಷೀನ್ ಕೊಡ್ತಾರೆ, ಅದ್ರ ಹೊಟ್ಟೆಯಿಂದಾನೇ ಟ್ಯಾಂಕು ಬರೋದು. ಬೇಸ್ ಎಲ್ಲಿ? ಇಲ್ಲ. ರಿಫೈನರಿ? ಇಲ್ಲ. ಹಾರ್ವೆಸ್ಟರ್? ಇಲ್ಲ. ದುಡ್ಡು? ಅದೂ ಇಲ್ಲ ಸ್ವಾಮಿ, ಯೂನಿಟ್ ತೆಗೆಯೋಕೆ ಕಾಸೇ ಬೇಡ, ಇಷ್ಟು ಪಾಯಿಂಟ್ ತನಕ ಇಟ್ಕೋಬೋದು ಅಂತ ಒಂದು ಮಿತಿ ಅಷ್ಟೇ, ಸತ್ರೆ ಇನ್ನೊಂದು ತೆಗಿ. ಹದಿನೈದು ವರ್ಷ ಯಾವ ಟೈಬೀರಿಯಮ್‌ಗೆ ಪ್ರಪಂಚವೇ ಹೊಡೆದಾಡ್ತೋ ಆ ಟೈಬೀರಿಯಮ್ ಇಲ್ಲಿ ಅಪ್‌ಗ್ರೇಡ್ ತಗೊಳಕ್ಕೆ ಎತ್ಕೊಂಡು ಬರೋ ಒಂದು ಹರಳು. ಬೇಳೆ ಹಾಕ್ದೇ ಬರೀ ಒಗ್ಗರಣೆ ಕೊಟ್ಟು ಇದೇ ಸಾರು ಅಂತ ಬಡಿಸಿದ್ರು.

ಆಡೋವಾಗ ಹೆಂಗಿರತ್ತೆ ಅಂದ್ರೆ, ಕ್ರಾಲರ್ ಇಳಿಸ್ತೀರ, ನಾಲ್ಕೈದು ಟ್ಯಾಂಕ್ ತೆಗೀತೀರ, ಹೋಗಿ ಒಂದು ನೋಡ್ (ಮ್ಯಾಪಲ್ಲಿ ಹಿಡೀಬೇಕಾದ ಜಾಗ) ಹಿಡೀತೀರ, ಎದುರಾಳಿ ಬಂದು ಅವನ್ನ ಉಡಾಯಿಸ್ತಾನೆ, ಮತ್ತೆ ನಾಲ್ಕೈದು ತೆಗೀತೀರ, ಅದೇ ನೋಡ್‌ಗೆ ಹೋಗ್ತೀರ. ಕ್ರಾಲರ್ರೇ ಒಡೆದೋದ್ರೆ? ಇನ್ನೊಂದು ಕೊಡ್ತಾರೆ, ಬೇಕಾದ್ರೆ ಕ್ಲಾಸ್ ಬದಲಾಯಿಸ್ಕೊಂಡು ಬನ್ನಿ ಅಂತಾರೆ. ಕಳ್ಕೊಳೋಕೆ ಏನೂ ಇಲ್ದಿದ್ ಮೇಲೆ ಗೆದ್ರೂ ಏನ್ ಬಂತು? ರೆಡ್ ಅಲರ್ಟ್ 2ರಲ್ಲಿ 5000 ಸುರಿದು ನ್ಯೂಕ್ಲಿಯರ್ ಸೈಲೋ ಕಟ್ಟಿ ಹತ್ತು ನಿಮಿಷ ಉಗುರು ಕಚ್ಕೊಂಡು ಟೈಮರ್ ನೋಡ್ತಿದ್ದೋನಿಗೆ ಇದು ಆಟ ಅಂತಾನೇ ಅನ್ಸಲ್ಲ.

ಅದ್ರ ಮೇಲೆ ಲೆವೆಲ್. ಒಳ್ಳೇ ಯೂನಿಟ್‌ಗಳಿಗೆಲ್ಲಾ ಬೀಗ, ಆಡಿ ಆಡಿ ಎಕ್ಸ್‌ಪಿ (ಅನುಭವದ ಪಾಯಿಂಟ್) ಗಳಿಸಿದ್ರೆ ಒಂದೊಂದೇ ತೆಗೆಯತ್ತೆ, ಜಿಡಿಐಗೆ ಬೇರೆ ಲೆಕ್ಕ ನಾಡ್‌ಗೆ ಬೇರೆ ಲೆಕ್ಕ. ಸ್ಟ್ರಾಟಜಿ ಗೇಮ್ ಅಂದ್ರೆ ಇಬ್ರ ಕೈಯಲ್ಲೂ ಅದೇ ಪೆಟ್ಟಿಗೆ ಇರ್ಬೇಕು, ತಲೆ ಓಡ್ಸಿದೋನು ಗೆಲ್ಬೇಕು, ಇಲ್ಲಿ ಹೊಸಬ ಕಾಲಿಟ್ರೆ ಎದುರಿಗಿರೋನು ಮಮ್ಮತ್ ಟ್ಯಾಂಕ್ ಅನ್‌ಲಾಕ್ ಮಾಡ್ಕೊಂಡು ಕೂತಿರ್ತಾನೆ. ಇದು ಆಗ ಆನ್‌ಲೈನ್ ಶೂಟಿಂಗ್ ಗೇಮ್‌ಗಳಲ್ಲಿ ಓಡ್ತಿದ್ದ ಚಾಳಿ, ಅವ್ರಿಗೆ ಓಡ್ತು ಅಂತ ತಂದು ಇಲ್ಲಿಗೆ ಅಂಟಿಸಿದ್ರು. ಕಾಲಕ್ಕೆ ತಕ್ಕ ಹಾಗೆ ಮಾಡಿದ್ವಿ ಅನ್ನೋ ಮಾತು ಬೇರೆ.

ಇನ್ನೊಂದು, ಒಬ್ಬನೇ ಕ್ಯಾಂಪೇನ್ ಆಡ್ಬೇಕಂದ್ರೂ ಇಂಟರ್ನೆಟ್ ಸತತ ಇರ್ಬೇಕಿತ್ತು. 2010ರಲ್ಲಿ ನಮ್ ಕಡೆ ಮನೆಗಳಲ್ಲಿ ಏನಿತ್ತು ಹೇಳಿ, 256 ಕೆಬಿಪಿಎಸ್, ಮಳೆ ಬಂದ್ರೆ ಅದೂ ಇಲ್ಲ, ಬೇಸ್ಗೇಲಿ ಲೋಡ್ ಶೆಡ್ಡಿಂಗು, ಯುಪಿಎಸ್ ಕುಯ್ಯೋ ಅಂತ ಅಳ್ತಿದ್ರೆ ಸೇವ್ ಮಾಡೋ ಹೊತ್ತಿಗೆ ಮಾನಿಟರ್ ಆಫ್. ಲಾಸ್ ಏಂಜಲಿಸ್‌ನಲ್ಲಿ ಕೂತು ಈ ನಿರ್ಧಾರ ಮಾಡಿದೋರಿಗೆ ಹುಬ್ಬಳ್ಳಿಯಲ್ಲೋ ಹಾಸನದಲ್ಲೋ ಒಬ್ಬ ಇದನ್ನ ಆಡ್ತಾನೆ ಅಂತ ಕನಸಲ್ಲೂ ಹೊಳ್ದಿರಲ್ಲ ಬಿಡಿ.

ಎಲ್ಲಕ್ಕಿಂತ ನೋವಾಗೋದು ಇದನ್ನ ಕೇನ್ ಕತೆಯ ಕೊನೇ ಅಧ್ಯಾಯ ಅಂತ ಮಾರಿದ್ದು. ಜೋ ಕ್ಯೂಕನ್ ಪಾಪ ತನ್ನ ಕೆಲಸ ಅಚ್ಚುಕಟ್ಟಾಗಿ ಮಾಡಿದ್ದಾನೆ, ಮುಖದಲ್ಲಿ ವಯಸ್ಸು ಕಾಣತ್ತೆ, ದನಿಯಲ್ಲಿ ಅದೇ ಗತ್ತು. ಆದ್ರೆ 1995ರಿಂದ ಎಳ್ಕೊಂಡು ಬಂದ ಎಳೆಗಳಿಗೆ ಉತ್ತರ ಕೊಡ್ಬೇಕಾದ ಕಡೆ ಆತುರಾತುರವಾಗಿ ಬಾಗಿಲು ತೆಗೆದು ಕೇನ್‌ನ ಒಳಗೆ ಕಳಿಸಿ ಲೈಟ್ ಆರಿಸ್ಬಿಟ್ರು. ಆಸೆಯಿಂದ ಕಾಯ್ತಿದ್ದ ಸ್ಕ್ರಿನ್‌ಗಳು ಆಡೋ ಪಾರ್ಟಿಯಾಗಿ ಬರೋದೇ ಇಲ್ಲ.

ಅದಾದ್ಮೇಲೆ ಬಂದಿದ್ದು ಬೇಗ ಹೇಳಿ ಮುಗಿಸ್ತೀನಿ, ಹೇಳೋಕೂ ಬೇಜಾರು. 2011ರ ಡಿಸೆಂಬರ್‌ನಲ್ಲಿ ಜನರಲ್ಸ್ 2 ಅನೌನ್ಸ್ ಆಯ್ತು, ಬ್ಯಾಟಲ್‌ಫೀಲ್ಡ್‌ಗೆ ಬಳಸೋ ಫ್ರಾಸ್ಟ್‌ಬೈಟ್ ಇಂಜಿನ್ನು, ಟ್ರೈಲರ್ ನೋಡಿ ನಾವೆಲ್ಲಾ ಕುಣಿದ್ವಿ. ಮುಂದಿನ ವರ್ಷ ಅದೇ ಗೇಮ್ ಹೆಸರು ಬದಲಾಯಿಸ್ಕೊಂಡು ಫ್ರೀ ಟು ಪ್ಲೇ ಆಯ್ತು, 2013ರ ಅಕ್ಟೋಬರ್‌ನಲ್ಲಿ ಪ್ರಾಜೆಕ್ಟೇ ಕ್ಯಾನ್ಸಲ್, ಸ್ಟುಡಿಯೋನೂ ಬಂದ್. 2018ರಲ್ಲಿ ಇ3 ಅನ್ನೋ ಗೇಮ್ ಮೇಳದ ಸ್ಟೇಜ್ ಮೇಲೆ ಮತ್ತೆ ಆ ಹೆಸರು ಕೇಳಿ ಎದ್ದು ಕೂತ್ರೆ ಬಂದಿದ್ದು ರೈವಲ್ಸ್ ಅನ್ನೋ ಮೊಬೈಲ್ ಗೇಮು, ಇಬ್ರು ಆಡೋದು, ನಡುವೆ ಒಂದು ಮಿಸೈಲ್, ನಿಮಿಷಗಳಲ್ಲಿ ಮುಗೀತು. ಯೂಟ್ಯೂಬ್‌ನಲ್ಲಿ ಆ ಟ್ರೈಲರ್‌ಗೆ ಬಿದ್ದ ಡಿಸ್‌ಲೈಕ್ ಮುಂದೆ ಲೈಕ್ ಲೆಕ್ಕಕ್ಕೇ ಇಲ್ಲ. ನ್ಯಾಯವಾಗಿ ಹೇಳ್ಬೇಕಂದ್ರೆ ಮೊಬೈಲ್ ಗೇಮ್ ಲೆಕ್ಕದಲ್ಲಿ ಅದು ಕೆಟ್ಟದೇನಲ್ಲ, ಮೆಟ್ರೋದಲ್ಲಿ ಟೈಮ್ ಪಾಸ್‌ಗೆ ಓಕೆ, ಬೇರೆ ಹೆಸರಿಟ್ಟಿದ್ರೆ ಯಾರೂ ಬೈತಿರ್ಲಿಲ್ಲ.

ಆರ್‌ಟಿಎಸ್ ಕಾಲ ಮುಗೀತು, ಜನ ಆಡಲ್ಲ, ಅದಕ್ಕೇ ಹೀಗೆಲ್ಲಾ ಮಾಡ್ಬೇಕಾಯ್ತು ಅಂತ ಒಂದು ವಾದ ಯಾವಾಗ್ಲೂ ಇರತ್ತೆ. ಹಂಗಾದ್ರೆ ಏಜ್ ಆಫ್ ಎಂಪೈರ್ಸ್ 2 ನೋಡಿ. 1999ರ ಗೇಮ್, 2019ರಲ್ಲಿ ಡೆಫಿನಿಟಿವ್ ಎಡಿಷನ್ ಬಂತು, 2022ರಲ್ಲಿ ಡೈನಾಸ್ಟೀಸ್ ಆಫ್ ಇಂಡಿಯಾ ಅಂತ ಎಕ್ಸ್‌ಪಾನ್ಷನ್ ಕೊಟ್ಟು ದ್ರವಿಡಿಯನ್ಸ್ ಅನ್ನೋ ಸಿವಿಲೈಸೇಷನ್ ಸೇರಿಸಿದ್ರು, ಉರುಮಿ ಬೀಸೋ ಸೈನಿಕ ಇದ್ದಾನೆ ಅದ್ರಲ್ಲಿ. ಚಾಲುಕ್ಯರಿಗೆ ಪ್ರತ್ಯೇಕ ಸಿವಿಲೈಸೇಷನ್ ಯಾಕಿಲ್ಲ ಅನ್ನೋ ಜಗಳ ಆಮೇಲೆ ಮಾಡೋಣ, ಇಪ್ಪತ್ತು ವರ್ಷ ದಾಟಿದ ಗೇಮ್‌ಗೆ ಅದ್ರ ತಿರುಳು ಮುಟ್ಟದೇ ಹೊಸ ಜೀವ ಕೊಟ್ರು ಅನ್ನೋದು ಮುಖ್ಯ. 2025ರ ಏಪ್ರಿಲ್‌ನಲ್ಲಿ ಬಂದ ಟೆಂಪೆಸ್ಟ್ ರೈಸಿಂಗ್ ಅಂತೂ ಕಮಾಂಡ್ ಅಂಡ್ ಕಾಂಕರ್‌ನ ನಕಲು ಅಂತ ನಾಚ್ಕೊಳ್ದೇ ಹೇಳ್ಕೊಳೋ ಹಾಗಿದೆ, ಸೈಡ್‌ಬಾರು, ಹಾರ್ವೆಸ್ಟರು, ಮ್ಯೂಸಿಕ್‌ನಲ್ಲಿ ಸಾಕ್ಷಾತ್ ಫ್ರಾಂಕ್ ಕ್ಲೆಪಾಕಿ ಕೈ. ಬೇರೆಯೋರಿಗೆ ಆಗತ್ತೆ, ಹೆಸರಿನ ಯಜಮಾನರಿಗೆ ಆಗಲ್ಲ ಅಂದ್ರೆ?

ಆಗಲ್ಲ ಅಂತೂ ಅಲ್ಲ, ಒಂದ್ಸಲ ಮಾಡಿ ತೋರಿಸಿದ್ರು. 2020ರ ಜೂನ್‌ನಲ್ಲಿ ಬಂದ ರೀಮಾಸ್ಟರ್ಡ್ ಕಲೆಕ್ಷನ್ (ಇದು ಅಲ್ಟಿಮೇಟ್ ಕಲೆಕ್ಷನ್‌ನಲ್ಲಿ ಇಲ್ಲ, ಬೇರೆ ತಗೋಬೇಕು, ಗಮನಿಸಿ). ಮೊದಲ್ನೇ ಕಮಾಂಡ್ ಅಂಡ್ ಕಾಂಕರ್, ಮೊದಲ್ನೇ ರೆಡ್ ಅಲರ್ಟ್, ಎಕ್ಸ್‌ಪಾನ್ಷನ್ ಸಮೇತ. ಮಾಡಿದ್ದು ಯಾರು ಅಂದ್ರೆ ಅದೇ ವೆಸ್ಟ್‌ವುಡ್‌ನಿಂದ ಹೊರಬಂದೋರ ಪೆಟ್ರೋಗ್ಲಿಫ್. ಸ್ಪೇಸ್‌ಬಾರ್ ಒತ್ತಿದ್ರೆ 1995ರ ಚುಕ್ಕಿ ಚುಕ್ಕಿ ಗ್ರಾಫಿಕ್ಸ್, ಇನ್ನೊಂದ್ಸಲ ಒತ್ತಿದ್ರೆ ಇವತ್ತಿನ 4ಕೆ, ಆಟ ನಡೀತಿರುವಾಗ್ಲೇ. ಹಳೇ ಗೇಮ್‌ನ ನಡವಳಿಕೆ ಹಂಗೇ ಬಿಟ್ಟಿದ್ದಾರೆ, ಹಾರ್ವೆಸ್ಟರ್ ಈಗ್ಲೂ ಪೆದ್ದುಪೆದ್ದಾಗಿ ಶತ್ರು ಬೇಸಿನ ಬಾಗಿಲಿಗೇ ಹೋಗಿ ನಿಲ್ಲತ್ತೆ, ಬೈಕೊಂಡು ಆಡಿ. ಜನ ಎಷ್ಟು ಖುಷಿಪಟ್ರು ಅಂದ್ರೆ ಮುಂದಿಂದು ರೆಡ್ ಅಲರ್ಟ್ 2ರ ರೀಮಾಸ್ಟರ್ ಅಂತ ಎಲ್ರೂ ತಾವೇ ತೀರ್ಮಾನ ಮಾಡ್ಕೊಂಡು ಕೂತ್ರು. ಬರ್ಲೇ ಇಲ್ಲ.

ಬಂದಿದ್ದು ಸೋರ್ಸ್ ಕೋಡು. 2025ರ ಫೆಬ್ರವರಿಯಲ್ಲಿ ಮೊದಲ್ನೇ ಗೇಮ್, ಮೊದಲ್ನೇ ರೆಡ್ ಅಲರ್ಟ್, ರೆನಿಗೇಡ್, ಜನರಲ್ಸ್ ಮತ್ತು ಝೀರೋ ಅವರ್, ಇವುಗಳ ಕೋಡನ್ನ ಯಾರು ಬೇಕಾದ್ರೂ ತಿದ್ದಿ ಹಂಚ್ಬೋದಾದ ಜಿಪಿಎಲ್ ಲೈಸೆನ್ಸ್‌ನಲ್ಲಿ ಇಎ ಬಿಟ್ಟಿತು. ರೆಡ್ ಅಲರ್ಟ್ 2, ಟೈಬೀರಿಯನ್ ಸನ್ ಆ ಪಟ್ಟಿಯಲ್ಲಿ ಇರ್ಲಿಲ್ಲ, ಹೊಟ್ಟೆ ಉರೀತು. ಆದ್ರೂ ಕಂಪನಿ ಈ ಹೆಸರಿಗೆ ಮಾಡಿದ ಕೆಲಸಗಳಲ್ಲಿ ಇದಕ್ಕಿಂತ ದೊಡ್ಡದು ರೀಮಾಸ್ಟರ್ ಒಂದೇ. ಯಾಕಂದ್ರೆ ಈ ಸೀರೀಸನ್ನ ಇಷ್ಟು ವರ್ಷ ಉಸಿರಾಡಿಸ್ತಿರೋರು ಫ್ಯಾನ್ಸೇ. 2014ರಲ್ಲಿ ಆನ್‌ಲೈನ್ ಆಟಕ್ಕೆ ಜನರನ್ನ ಜೋಡಿಸ್ತಿದ್ದ ಗೇಮ್‌ಸ್ಪೈ ಸರ್ವರ್ ಮುಚ್ಚಿದಾಗ ಜನರಲ್ಸು, ಟೈಬೀರಿಯಮ್ ವಾರ್ಸು, ರೆಡ್ ಅಲರ್ಟ್ 3 ಆನ್‌ಲೈನ್ ಎಲ್ಲಾ ಅನಾಥ ಆದ್ವು, ಸಿಅಂಡ್‌ಸಿ ಆನ್‌ಲೈನ್ ಅಂತ ಮಾಡಿ ಎತ್ಕೊಂಡೋರು ಫ್ಯಾನ್ಸು. ರೆಡ್ ಅಲರ್ಟ್ 2, ಯೂರೀಸ್ ರಿವೆಂಜ್ ಇವತ್ತು ಆನ್‌ಲೈನ್ ಆಡ್ಬೇಕಂದ್ರೆ ಫ್ಯಾನ್ಸೇ ನಡೆಸೋ ಸಿಎನ್‌ಸಿನೆಟ್ಟೇ ಗತಿ. ಮೆಂಟಲ್ ಒಮೆಗಾ ಅನ್ನೋ ಮಾಡ್ (ಫ್ಯಾನ್ಸ್ ಗೇಮ್‌ನ ತಿದ್ದಿ ಮಾಡಿರೋ ಆವೃತ್ತಿ) ಹಾಕಿ ನೋಡಿ, ಯೂರೀಸ್ ರಿವೆಂಜ್ ಮೇಲೆ ಇನ್ನೊಂದು ಪಾರ್ಟಿ, ರಾಶಿ ಮಿಷನ್ನು, ಎಲ್ಲಾ ಪುಕ್ಕಟೆ, ಸಂಬಳ ಇಲ್ದೇ ಮಾಡಿರೋ ಕೆಲಸ ಅಂದ್ರೆ ನಂಬೋಕಾಗಲ್ಲ.

ಇನ್ನು ಕಲೆಕ್ಷನ್ ತಗೋಬೇಕಾ ಬೇಡ್ವಾ. ಫುಲ್ ರೇಟಿಗೆ ಬೇಡ, ಸೇಲ್ ಬಂದೇ ಬರತ್ತೆ, ಆಗ ಕಣ್ಮುಚ್ಕೊಂಡು ತಗೊಳಿ. ಆದ್ರೆ ಇದು ಧೂಳು ಒರೆಸಿ ಮಾರಿರೋ ಹಳೇ ಸಾಮಾನು ಅನ್ನೋದು ಗೊತ್ತಿರ್ಲಿ, ರೀಮಾಸ್ಟರ್ ಅಲ್ಲ. ಹಳೇ ಗೇಮ್‌ಗಳು ಹೊಸ ವಿಂಡೋಸ್‌ನಲ್ಲಿ ಏನಾದ್ರೂ ಒಂದು ತರ್ಲೆ ಮಾಡೋದು ಮಾಮೂಲು, ವೈಡ್‌ಸ್ಕ್ರೀನ್‌ಗೆ ಫೈಲ್ ತೆಗೆದು ನಂಬರ್ ತಿದ್ದೋದೂ ಬೇಕಾಗ್ಬೋದು. ಸ್ಟೀಮ್‌ನಲ್ಲಿ ತಗೊಂಡ್ಮೇಲೂ ರೆಡ್ ಅಲರ್ಟ್ 2ಕ್ಕೆ ಸಿಎನ್‌ಸಿನೆಟ್ ಹಾಕ್ಕೊಂಡ್ರೆ ಅರ್ಧ ತಲೆನೋವು ಕಮ್ಮಿ, ಝೀರೋ ಅವರ್‌ಗೆ ಜೆನ್‌ಟೂಲ್ ಅನ್ನೋ ಫ್ಯಾನ್ ಟೂಲ್. ಜನರಲ್ಸಿಂದ ಮುಂದಿನ ಗೇಮ್‌ಗಳಿಗೆ ಈಗ ಸ್ಟೀಮ್ ವರ್ಕ್‌ಶಾಪ್ ಕೊಟ್ಟಿದ್ದಾರೆ, ಮಾಡ್ ಹಾಕೋದು ಸುಲಭ.

ಯಾವತ್ತೂ ಆಡ್ದೇ ಇರೋರು 1995ರಿಂದ ಶುರು ಮಾಡೋ ಭಕ್ತಿ ಎಲ್ಲಾ ಬೇಡ, ಸೀದಾ ರೆಡ್ ಅಲರ್ಟ್ 2, ಸೋವಿಯತ್ ಕ್ಯಾಂಪೇನ್. ಅದು ರುಚಿಸಿದ್ರೆ ಝೀರೋ ಅವರ್‌ನ ಜನರಲ್ಸ್ ಚಾಲೆಂಜ್, ಆಮೇಲೆ ಟೈಬೀರಿಯಮ್ ವಾರ್ಸ್. ರೆನಿಗೇಡ್ ಗನ್ ಹಿಡ್ಕೊಂಡು ಓಡಾಡೋ ಗೇಮು, ಆಡಿದ್ರೂ ಸರಿ ಬಿಟ್ರೂ ಸರಿ. ಟೈಬೀರಿಯನ್ ಸನ್‌ನ ಗ್ರಾಫಿಕ್ಸ್ ಮಬ್ಬು, ವೇಗ ಕಮ್ಮಿ, ಆದ್ರೆ ಮಳೆಗಾಲದಲ್ಲಿ ರಾತ್ರಿ ಹೆಡ್‌ಫೋನ್ ಹಾಕ್ಕೊಂಡು ಆಡೋಕೆ ಅದಕ್ಕೆ ಸಾಟಿ ಇಲ್ಲ. ನಾಲ್ಕನೇ ಭಾಗ ಇನ್‌ಸ್ಟಾಲ್ ಮಾಡೋ ಜಾಗದಲ್ಲಿ ಮೆಂಟಲ್ ಒಮೆಗಾ ಹಾಕ್ಕೊಳಿ, ಕೇನ್‌ನ ಕೊನೇ ವಿಡಿಯೋ ನೋಡ್ಲೇಬೇಕು ಅನ್ಸಿದ್ರೆ ಯೂಟ್ಯೂಬ್‌ನಲ್ಲಿ ಇದೆ. ಮತ್ತೆ ಝೀರೋ ಅವರ್ ಆಡೋರು ಯಾರಾದ್ರೂ ಇದ್ರೆ ಹೇಳಿ, ವೀಕೆಂಡ್ ರಾತ್ರಿ ಸಿಗೋಣ, ನಾನು ಟ್ಯಾಂಕ್ ಜನರಲ್, ಸೂಪರ್ ವೆಪನ್ ಲಿಮಿಟ್ ಆನ್, ಹತ್ತು ನಿಮಿಷದ ರೂಲ್ ಬೇಕಿದ್ರೆ ಇಟ್ಕೊಳೋಣ, ಯಾರೂ ಪಾಲಿಸಲ್ಲ ಅನ್ನೋದು ಗೊತ್ತಿದ್ದಿದ್ದೇ.